ಬಳೆಗಾರ್ತಿ ಎಂಟು ಹಾಕಿದ್ದು

“ಗುರುಗಳೇ, ನಾನಿನ್ನೂ ಕಲಿಯುತ್ತಿರುವವನು. ನನ್ನೊಬ್ಬನನ್ನೇ ಏಕೆ ಕಳಿಸುತ್ತೀರಿ?”

ಕೇಳಿದವನು ನಿರಂಜನ. ಮಠದಲ್ಲೇ ಓದಿ ಬೆಳೆದ ಶಿಷ್ಯ. ಹೊಳೆಯಾಚೆಯ ಊರೊಂದರಲ್ಲಿ ಮಠದ ಚಿಕ್ಕ ಶಾಖೆಯಿತ್ತು. ಇನ್ನು ಮುಂದೆ ಅಲ್ಲಿದ್ದು ಜನರಿಗೆ ಪ್ರವಚನ ಹೇಳಬೇಕೆಂದು ಗುರುಗಳು ಅವನಿಗೆ ಅಪ್ಪಣೆ ಕೊಟ್ಟಿದ್ದರು. ಇಷ್ಟು ಕಾಲ ಅವನು ಜನರ ಮುಂದೆ ಮಾತಾಡಿದ್ದು ಗುರುಗಳು ಪಕ್ಕದಲ್ಲಿದ್ದಾಗ ಮಾತ್ರ. ಮಾತು ತಡವರಿಸಿದರೆ ಅವರು ಒಂದು ಪದ ಎತ್ತಿಕೊಡುತ್ತಿದ್ದರು. ಅಲ್ಲಿಂದ ಅವನು ಮುಂದುವರಿಯುತ್ತಿದ್ದ.

“ಸ್ವಲ್ಪ ದಿನವಾದರೂ ನೀವು ಬಂದು ಪಕ್ಕದಲ್ಲಿ ಕುಳಿತಿರಿ. ನೀವಿದ್ದರೆ ನನಗೆ ಮಾತು ಬರುತ್ತದೆ,” ಎಂದು ನಿರಂಜನ ಬೇಡಿಕೊಂಡ.

ಗುರುಗಳು, “ಒಬ್ಬ ಬಳೆಗಾರನ ಹೆಂಡತಿ ಮೋಟಾರ್ ಸೈಕಲ್ ಕಲಿತದ್ದನ್ನು ಹೇಳುತ್ತೇನೆ, ಕೇಳು,” ಎಂದರು.

ಅಡಿವೆಪ್ಪ ಎಂಬ ಬಳೆಗಾರನಿದ್ದ. ಬಳೆ ಪೆಟ್ಟಿಗೆಗಳನ್ನು ಮೋಟಾರ್ ಸೈಕಲ್ಲಿಗೆ ಬಿಗಿದುಕೊಂಡು ಬಸ್ಸು ಹೋಗದ ಊರುಗಳಿಗೆಲ್ಲ ಹೋಗುತ್ತಿದ್ದ. ಮದುವೆ, ಸೀಮಂತ ಇದ್ದ ಮನೆಯವರು ಅವನು ಬರುವುದನ್ನೇ ಕಾಯುತ್ತಿದ್ದರು. ನಡುಪ್ರಾಯ ಕಳೆಯುವ ಹೊತ್ತಿಗೆ ಅವನ ಕಣ್ಣಿನ ನರಕ್ಕೆ ರೋಗ ಬಂತು. ನೋಟ ಮಸುಕಾಯಿತು, ಆಮೇಲೆ ಬೆಳಕು ನೆರಳು ಮಾತ್ರ ಉಳಿಯಿತು. ಹೋದದ್ದು ಮರಳಿ ಬರುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟರು. ಬಳೆ ತೊಡಿಸಲು ಅಡಿವೆಪ್ಪನಿಗೆ ಕಣ್ಣು ಬೇಕಿರಲಿಲ್ಲ. ಊರಿಂದ ಊರಿಗೆ ಹೋಗಲು ಬೇಕಿತ್ತು.

ಮೋಟಾರ್ ಸೈಕಲ್ಲು ಅಂಗಳದಲ್ಲಿ ನಿಂತಿತು. ಬಳೆಗಾರ ದಿನವೂ ಅದರ ಧೂಳು ಒರೆಸುತ್ತಿದ್ದ. ಕೊನೆಗೊಂದು ದಿನ, “ಮಾರಿಬಿಡೋಣ,” ಎಂದ.

ಅವನ ಹೆಂಡತಿ ಹಾಲವ್ವ ಒಲೆಯ ಮುಂದೆ ಕುಳಿತಿದ್ದಳು. ಸೈಕಲ್ಲನ್ನೂ ತುಳಿದವಳಲ್ಲ. ಆದರೂ ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು: “ನಾನು ಕಲಿತರೆ?”

ಅಡಿವೆಪ್ಪ ನಕ್ಕ. ನಕ್ಕು ನಕ್ಕು, ನಡುವೆಯೇ ನಿಲ್ಲಿಸಿದ. ಅವಳು ತಮಾಷೆಗೆ ಹೇಳಿರಲಿಲ್ಲವೆಂದು ಅವನಿಗೆ ತಿಳಿಯಿತು.

ಹಾಲವ್ವ ಮೊದಲು ಕಲಿಯುವವರ ಲೈಸೆನ್ಸು ಮಾಡಿಸಿಕೊಂಡಳು. ಊರ ಹೊರಗೆ ಒಂದು ಬಯಲಿತ್ತು. ಬೆಳಿಗ್ಗೆ ಗಾಡಿಯನ್ನು ಅಲ್ಲಿಗೆ ನೂಕಿಕೊಂಡು ಹೋಗುತ್ತಿದ್ದರು. ಅವಳು ಮುಂದೆ ಹ್ಯಾಂಡಲ್ ಹಿಡಿಯುತ್ತಿದ್ದಳು, ಅವನು ಹಿಂದಿನ ಕಂಬಿ ಹಿಡಿದು ಹೆಜ್ಜೆ ಹಾಕುತ್ತಿದ್ದ. ಎದುರಾದವರು ನಿಂತು ನೋಡುತ್ತಿದ್ದರು. “ಕಣ್ಣಿಲ್ಲದವನು ಕಲಿಸುತ್ತಾನಂತೆ, ಬಾರದವಳು ಕಲಿಯುತ್ತಾಳಂತೆ,” ಎಂದು ಒಬ್ಬರು ಇವರಿಗೆ ಕೇಳುವಂತೆಯೇ ಹೇಳಿದರು. ಹಾಲವ್ವನ ಮುಖ ಬಿಸಿಯಾಯಿತು. ಅಡಿವೆಪ್ಪ, “ನೂಕು, ನೂಕು. ಏರು ಬಂತು,” ಎಂದ.

ಬಯಲಿನಲ್ಲಿ ಅವನು ಹಿಂದೆ ಕುಳಿತು ಅವಳ ಭುಜದ ಮೇಲೆ ಕೈ ಇಡುತ್ತಿದ್ದ. ಇಂಜಿನ್ನಿನ ಸದ್ದು ಕೇಳಿಯೇ ಎಲ್ಲ ಹೇಳುತ್ತಿದ್ದ. “ಕ್ಲಚ್ಚು ಬಿಡು. ನಿಧಾನ. ಈಗ ಸ್ವಲ್ಪ ಆಕ್ಸಿಲರೇಟರ್ ಕೊಡು. ಹೆದರಬೇಡ, ನಾನಿದ್ದೇನೆ.” ಒಮ್ಮೆ ಇಬ್ಬರೂ ಉರುಳಿಬಿದ್ದರು. ಗಂಡನಿಗೆ ಏನಾಯಿತೋ ಎಂದು ಹಾಲವ್ವ ಅಳು ನುಂಗಿಕೊಂಡು ಎಬ್ಬಿಸಲು ಹೋದರೆ ಅವನು, “ಗಾಡಿಗೇನಾದರೂ ಆಯಿತೇ, ಮೊದಲು ಅದನ್ನು ನೋಡು,” ಎಂದ. ಇಬ್ಬರಿಗೂ ನಗು ಬಂತು.

ಅವಳ ಕೈ ಕುದುರುತ್ತ ಬಂತು. ನೇರ ಹೋಗುವುದು ಬಂತು, ನಿಲ್ಲಿಸುವುದು ಬಂತು. ಆಮೇಲೆ ಎಂಟು ಹಾಕುವುದು. ಲೈಸೆನ್ಸು ಸಿಗಬೇಕಾದರೆ ಕನ್ನಡದ ಎಂಟರಂತಲ್ಲ, ಇಂಗ್ಲಿಷಿನ ಎಂಟರಂತೆ ಗಾಡಿಯನ್ನು ಸುತ್ತಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಎರಡು ಕಲ್ಲು ಇಟ್ಟುಕೊಂಡು ಅವುಗಳ ಸುತ್ತ ಹಾಲವ್ವ ಎಂಟು ಹಾಕಿದಳು. ಹಿಂದಿನಿಂದ ಅವನ ಮಾತು ಬರುತ್ತಿತ್ತು, ಗಾಡಿ ತಿರುಗುತ್ತಿತ್ತು.

ಪರೀಕ್ಷೆಯ ದಿನ ಬಂತು. ಪಕ್ಕದ ಮನೆಯವರು ಗಾಡಿಯನ್ನು ಪೇಟೆಯ ಮೈದಾನಕ್ಕೆ ತಂದುಕೊಟ್ಟರು. ಗಂಡ ಹೆಂಡತಿ ಬಸ್ಸಿನಲ್ಲಿ ಬಂದರು. ಹಾಲವ್ವನ ಸರದಿ ಬಂದಾಗ ಪರೀಕ್ಷೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರು, “ಹೂಂ, ಒಬ್ಬರೇ ಹತ್ತಿ ತಾಯಿ,” ಎಂದರು.

“ನಮ್ಮವರು ಹಿಂದೆ ಕೂತರೆ ಆಗುವುದಿಲ್ಲವೇ ಸಾಹೇಬರೇ?”

“ಗಾಡಿ ಓಡಿಸುವವರು ನೀವೋ ಅವರೋ?”

ಸಾಲಿನಲ್ಲಿದ್ದವರು ನಕ್ಕರು. ಅಡಿವೆಪ್ಪ ಗೇಟಿನ ಹೊರಗೇ ಉಳಿದ. ಹಾಲವ್ವ ಹೆಲ್ಮೆಟ್ಟು ಬಿಗಿದುಕೊಂಡು ಹತ್ತಿದಳು. ಹಿಂದೆ ಭಾರವಿಲ್ಲದ ಗಾಡಿ ಬೇರೆ ಯಾರದೋ ಗಾಡಿಯ ಹಾಗಿತ್ತು. ಭುಜದ ಮೇಲೆ ಕೈ ಇರಲಿಲ್ಲ. ಮೊದಲ ತಿರುವಿನಲ್ಲೇ ಇಂಜಿನ್ನು ತಡವರಿಸತೊಡಗಿತು. ಕ್ಲಚ್ಚೋ, ಆಕ್ಸಿಲರೇಟರೋ? ಅವಳು ಮಾತಿಗಾಗಿ ಕಾದಳು. ಮಾತು ಬರಲಿಲ್ಲ. ಇಂಜಿನ್ನು ಆರಿತು, ಕಾಲು ತಾನಾಗಿ ನೆಲಕ್ಕೆ ಹೋಯಿತು.

ಇನ್ಸ್‌ಪೆಕ್ಟರು ಗದರಲಿಲ್ಲ. “ಕಾಲು ಊರಿದಿರಿ. ಇನ್ನಷ್ಟು ಅಭ್ಯಾಸ ಮಾಡಿಕೊಂಡು ಬನ್ನಿ,” ಎಂದರು.

ಬಸ್ಸಿನಲ್ಲಿ ಹಾಲವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. “ನೀವು ಹಿಂದೆ ಇದ್ದಿದ್ದರೆ ಹಾಕಿಬಿಡುತ್ತಿದ್ದೆ,” ಎಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ಎಂದಿನಂತೆ ಗಾಡಿಯನ್ನು ಬಯಲಿಗೆ ನೂಕಿಕೊಂಡು ಹೋದರು. ಹಾಲವ್ವ ಹತ್ತಿ ಕುಳಿತು ಕಾದಳು. ಅವನು ಹತ್ತಲಿಲ್ಲ. ಕೋಲಿನಿಂದ ತಡವುತ್ತ ಹೋಗಿ ಬದುವಿನ ಮೇಲೆ ಕುಳಿತ.

“ಬನ್ನಿ,” ಎಂದಳು.

“ಇನ್ನು ನಾನು ಹತ್ತುವುದಿಲ್ಲ. ನೀನು ಓಡಿಸು.”

“ಒಂದು ಸಲ ತಪ್ಪಿದ್ದಕ್ಕೆ ಕೈಬಿಟ್ಟಿರೇನು?”

“ಕೈ ಬಿಟ್ಟಿಲ್ಲ ಹಾಲವ್ವಾ, ಬಾಯಿ ಮುಚ್ಚಿದ್ದೇನೆ. ಓಡಿಸು.”

ಅವಳಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಗಾಡಿ ಬಿಟ್ಟಳು. ಕಲ್ಲಿನ ಹತ್ತಿರ ತಿರುಗಿಸುವಾಗ ಇಂಜಿನ್ನು ಮತ್ತೆ ತಡವರಿಸಿತು. “ಈಗ ಏನು ಮಾಡಲಿ?” ಎಂದು ಕೂಗಿದಳು. ಬದುವಿನಿಂದ ಉತ್ತರವಿಲ್ಲ. ಗಾಡಿ ವಾಲಿ ಬಿತ್ತು. ಮೊಣಕೈ ತರಚಿತು. ಎತ್ತಲು ಯಾರೂ ಬರಲಿಲ್ಲ. ಬೈದುಕೊಂಡು ತಾನೇ ಎತ್ತಿದಳು, ತಾನೇ ಕಿಕ್ ಹೊಡೆದಳು.

ಆ ದಿನ ಮನೆಯಲ್ಲಿ ಅವಳು ಮಾತಾಡದೆ ಊಟ ಬಡಿಸಿದಳು. ಉಂಡ ಮೇಲೆ ಅವನು ಅವಳ ಮೊಣಕೈ ಹುಡುಕಿ ಕೊಬ್ಬರಿ ಎಣ್ಣೆ ಅರಿಶಿನ ಹಚ್ಚಿದ. ಆಗಲೂ ಗಾಡಿಯ ಮಾತೆತ್ತಲಿಲ್ಲ.

ಹೀಗೇ ನಡೆಯಿತು. ಅವಳು ಬಿದ್ದಳು, ಎದ್ದಳು. ಮೊದಮೊದಲು ಅವನ ಮಾತನ್ನು ತಾನೇ ಆಡಿಕೊಳ್ಳುತ್ತಿದ್ದಳು: ಕ್ಲಚ್ಚು ಬಿಡು, ನಿಧಾನ. ಕ್ರಮೇಣ ಅದೂ ನಿಂತಿತು. ಒಂದು ಬೆಳಿಗ್ಗೆ ತಿರುವಿನಲ್ಲಿ ಇಂಜಿನ್ನಿನ ದನಿ ಇಳಿಯಿತು. ಅದು ಆರಿಹೋಗುವ ಮೊದಲೇ ಅವಳ ಕೈ ಆಕ್ಸಿಲರೇಟರನ್ನು ತುಸು ತಿರುಗಿಸಿತ್ತು. ದನಿ ಮೇಲೆದ್ದಿತು, ಗಾಡಿ ತಿರುಗಿಕೊಂಡಿತು. ಹಾಲವ್ವನಿಗೆ ಅಚ್ಚರಿಯಾಯಿತು. ಇಷ್ಟು ದಿನ ಗಂಡನಿಗೆ ಕೇಳಿಸುತ್ತಿದ್ದದ್ದು ಈಗ ತನಗೂ ಕೇಳಿಸುತ್ತಿತ್ತು. ಅವಳು ನಿಲ್ಲಿಸಲಿಲ್ಲ. ಬಿಸಿಲೇರುವವರೆಗೂ ಎಂಟು ಹಾಕುತ್ತಲೇ ಇದ್ದಳು.

ಮತ್ತೆ ಪರೀಕ್ಷೆಗೆ ಹೋದರು. ಅದೇ ಮೈದಾನ, ಅದೇ ಇನ್ಸ್‌ಪೆಕ್ಟರು. ಈ ಸಲ ಹಾಲವ್ವ ಯಾರನ್ನೂ ಹಿಂದೆ ಕೂರಿಸಲು ಕೇಳಲಿಲ್ಲ. ಮೊದಲ ತಿರುವು ದಾಟಿದಳು. ಎರಡನೆಯ ತಿರುವಿನಲ್ಲಿ ಮುಂದಿನ ಚಕ್ರ ಮರಳಿನ ಮೇಲೆ ಜಾರಿದಂತಾಯಿತು. ಕಾಲು ನೆಲದ ಕಡೆ ಹೊರಟಿತು. ಅವಳು ಅದನ್ನು ಇಳಿಯಗೊಡಲಿಲ್ಲ. ತಿರುಗಬೇಕಾದ ಕಡೆಗೆ ಮುಖ ತಿರುಗಿಸಿದಳು, ಗಾಡಿಯೂ ಅದೇ ಕಡೆ ತಿರುಗಿತು. ಎಂಟು ಮುಗಿದು ಗಾಡಿ ನಿಂತಾಗ ಸಾಲಿನಲ್ಲಿದ್ದ ಒಬ್ಬ ಮುದುಕ ಚಪ್ಪಾಳೆ ತಟ್ಟಿಬಿಟ್ಟ.

“ಆಯಿತು ತಾಯಿ, ಪಾಸು,” ಎಂದರು ಇನ್ಸ್‌ಪೆಕ್ಟರು. “ಯಾರು ಕಲಿಸಿದರು?”

ಹಾಲವ್ವ ಗೇಟಿನ ಕಡೆ ಕೈ ತೋರಿಸಿದಳು. ಅಲ್ಲಿ ಒಬ್ಬ ಮನುಷ್ಯ ಕೋಲು ಹಿಡಿದು, ಕಿವಿಯನ್ನು ಮೈದಾನದ ಕಡೆಗೆ ಇಟ್ಟು ನಿಂತಿದ್ದ. ಇನ್ಸ್‌ಪೆಕ್ಟರು ಅವನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. “ಜೋಪಾನವಾಗಿ ಕರೆದುಕೊಂಡು ಹೋಗಿ,” ಎಂದರು.

ಲೈಸೆನ್ಸು ಕೈಗೆ ಬಂದ ಮೇಲೆ ಹಾಲವ್ವ ಗಂಡನನ್ನು ಹಿಂದೆ ಕೂರಿಸಿಕೊಂಡು, ಪೆಟ್ಟಿಗೆಗಳನ್ನು ಬಿಗಿದುಕೊಂಡು ಹಳೆಯ ದಾರಿ ಹಿಡಿದಳು. ಸದ್ದು ಕೇಳಿ ಹೆಣ್ಣುಮಕ್ಕಳು ಬಾಗಿಲಿಗೆ ಬಂದರು. “ಬಳೆಗಾರರು ಬಂದರು,” ಎಂದು ಓಣಿಯಲ್ಲಿ ಕೂಗು ಹೋಯಿತು. ಅವನು ಜಗಲಿಯ ಮೇಲೆ ಕುಳಿತು ಬಳೆ ತೊಡಿಸಿದ, ಅವಳು ಬಣ್ಣ ಆರಿಸಿಕೊಟ್ಟಳು. ದಾರಿಯಲ್ಲಿ ಅವನು ಮಳೆಯ ಸುದ್ದಿ, ಮದುವೆಯ ಸುದ್ದಿ ಎಲ್ಲ ಮಾತಾಡುತ್ತಿದ್ದ. ಕ್ಲಚ್ಚು ಎಂಬ ಪದ ಮಾತ್ರ ಮತ್ತೆ ಅವನ ಬಾಯಿಂದ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿರಂಜನನ ಮುಖ ತಿಳಿಯಾಗಿತ್ತು.

“ನಾಳೆ ಬೆಳಿಗ್ಗೆಯೇ ಹೊರಡುತ್ತೇನೆ,” ಎಂದ. ಆಮೇಲೆ ಕೇಳಿದ: “ಆದರೆ ಗುರುಗಳೇ, ಹೆಂಡತಿ ಬಿದ್ದ ಸದ್ದು ಕೇಳಿದರೂ ಅವನು ಬದುವಿನ ಮೇಲೆ ಸುಮ್ಮನೆ ಕುಳಿತಿದ್ದನಲ್ಲ. ಆ ಬಳೆಗಾರನಿಗೆ ಭಯವೇ ಆಗಲಿಲ್ಲವೇ?”

ಗುರುಗಳು ಹೇಳಿದರು: “ಅವಳಿಗಿಂತ ಅವನಿಗೇ ಹೆಚ್ಚು ಭಯವಿತ್ತು ನಿರಂಜನ, ಬಾಯಿ ತೆರೆದಿದ್ದರೆ ಆ ಭಯ ಅವಳಿಗೆ ಕೇಳಿಸಿಬಿಡುತ್ತಿತ್ತು.”