ನೆಲ ಬಾಯಿ ಬಿಟ್ಟದ್ದು

ಲೋಕ ಆಗಷ್ಟೇ ಹುಟ್ಟಿ, ಬೆಟ್ಟಗಳ ಮೈ ಇನ್ನೂ ಆರಿರದಿದ್ದ ಕಾಲ. ಆಗ ನೆಲಕ್ಕೆ ಮಾತು ಬರುತ್ತಿತ್ತು. ಬೆಂಕಿಗೂ ಬರುತ್ತಿತ್ತು.

ಬೆಂಕಿ ಬಿದಿರಿನ ಮೆಳೆಯಲ್ಲಿ ಮಲಗಿರುತ್ತಿತ್ತು. ಹಸಿವಾದಾಗ ಎದ್ದು ಕಾಡಿನ ಅಂಚಿಗೆ ಬಂದು, "ಒಳಗೆ ಯಾರಿದ್ದೀರಿ?" ಎಂದು ಕೇಳುತ್ತಿತ್ತು.

ನೆಲ ತನ್ನ ಒಡಲಲ್ಲಿ ನೀರು ಇಟ್ಟುಕೊಂಡಿತ್ತು. ಆ ನೀರಿನಿಂದಲೇ ಅದರ ಗಂಟಲು ತಂಪು. "ನಾನಿದ್ದೇನೆ" ಎನ್ನುತ್ತಿತ್ತು ನೆಲ. ಅಷ್ಟು ಹೇಳಿದರೆ ಸಾಕು, ಆ ಉಸಿರಿಗೇ ಹುಲ್ಲು ಹಸಿಯಾಗುತ್ತಿತ್ತು, ತರಗೆಲೆ ತೇವವಾಗುತ್ತಿತ್ತು. ಬೆಂಕಿ ಕೆಮ್ಮುತ್ತಾ ಹಿಂದಿರುಗುತ್ತಿತ್ತು.

ಒಂದು ಬೆಟ್ಟದ ಬುಡದಲ್ಲಿ, ನಾಲ್ಕಾರು ಗುಡಿಸಲುಗಳ ಹಾಡಿಯಲ್ಲಿ ಕೇತಿ ಎಂಬ ಹೆಂಗಸು ತನ್ನ ಅಕ್ಕ ಬೊಮ್ಮಿಯ ಜೊತೆ ಇದ್ದಳು. ತಾಯಿ ಸತ್ತ ಮೇಲೆ ಕೇತಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಬೊಮ್ಮಿ. ಕರಡಿ ಪರಚಿ ಅವಳ ಒಂದು ಕಾಲು ಊನವಾಗಿತ್ತು. ಬೆಟ್ಟದ ಮೇಲೆ ಒಂದು ಹಡ್ಲು, ಅಂದರೆ ಹುಲ್ಲು ಬೆಳೆದ ಜೌಗು ತಗ್ಗು ಇತ್ತು. ಬೊಮ್ಮಿ ಕಾಲೆಳೆಯುತ್ತಾ ಅಲ್ಲಿಗೆ ಹತ್ತಿ ನೀರು ತರುವುದನ್ನು ಕೇತಿಗೆ ನೋಡಲಾಗುತ್ತಿರಲಿಲ್ಲ.

ಒಂದು ದಿನ ಕೇತಿ ಗೆಣಸು ಅಗೆಯುವ ಕೋಲು ಹಿಡಿದು, ಹಡ್ಲಿನ ಅಂಚು ಕಡಿದು, ಹಾಡಿಯ ಕಡೆಗೆ ಕಾಲುವೆ ತೋಡತೊಡಗಿದಳು.

"ಮಗಳೇ," ಎಂದಿತು ನೆಲ, "ಬೊಗಸೆಯಲ್ಲಿ ಎಷ್ಟು ಬೇಕಾದರೂ ತಗೋ. ನನ್ನ ಒಡಲು ಕೊಯ್ದು ಹರಿಸಬೇಡ. ಬೆಂಕಿ ಕೂಗಿದಾಗ ನಾನು ಓಗೊಡಬೇಕು."

"ನಮ್ಮಕ್ಕನ ಕಾಲು ನೋಡಿದ್ದೀಯಲ್ಲ," ಎಂದಳು ಕೇತಿ. "ಮಳೆ ಬಂದರೆ ನೀನು ತುಂಬಿಕೊಳ್ಳುತ್ತೀ. ಅವಳ ಕಾಲು ಮತ್ತೆ ಬರುವುದಿಲ್ಲ."

ಕೇತಿ ತೋಡುತ್ತಲೇ ಹೋದಳು. ಕಾಲುವೆ ಹಾಡಿ ಮುಟ್ಟಿತು. ಬೊಮ್ಮಿ ಗುಡಿಸಲ ಮುಂದೆಯೇ ನೀರಿಗೆ ಕಾಲು ಇಳಿಬಿಟ್ಟು ಕೂತು ನಕ್ಕಳು. ಹಾಡಿಯವರೆಲ್ಲ ಕೇತಿಯನ್ನು ಹೊಗಳಿದರು. ನೀರು ಬೇಕಾದಾಗಲೂ ಹರಿಯಿತು, ಬೇಡದಾಗಲೂ ಹರಿಯಿತು.

ಆ ವರ್ಷ ಮಳೆ ಬೇಗ ಹೊರಟುಹೋಯಿತು. ಮರಗಳು ಬೇರನ್ನು ಆಳಕ್ಕೆ ಚಾಚಿದವು. ಅಲ್ಲೂ ನೀರಿಲ್ಲದೆ ಎಲೆ ಉದುರಿಸಿದವು. ಗೆಣಸು ಅಗೆಯಲು ಹೋದ ಕೇತಿ ಕೋಲು ಊರಿದಲ್ಲೆಲ್ಲ ಧೂಳೆದ್ದಿತು. ಅವಳು ನೆಲವನ್ನು ಮಾತಾಡಿಸಿದಳು. ಅದು ಏನೋ ಪಿಸುಗುಟ್ಟಿತು, ತಿಳಿಯಲಿಲ್ಲ.

ಕೇತಿಗೆ ಹೆದರಿಕೆಯಾಯಿತು. ಕಾಲುವೆ ಮುಚ್ಚೋಣ ಎಂದು ಹಾಡಿಯವರಿಗೆ ಹೇಳಿದಳು. ಬೇಸಿಗೆ ಕಳೆಯಲಿ, ಆಮೇಲೆ ನೋಡಿದರಾಯಿತು ಎಂದರು ಅವರು. ಬೊಮ್ಮಿಯೊಬ್ಬಳೇ ಮುಚ್ಚು ಎಂದಳು, ತಾನು ಮೊದಲಿನಂತೆ ಹತ್ತುತ್ತೇನೆ ಎಂದಳು. ಕೇತಿ ಅಕ್ಕನ ಕಾಲಿನ ಕಡೆ ನೋಡಿದಳು. ನಾಳೆ ಮುಚ್ಚಿದರಾಯಿತು ಎಂದುಕೊಂಡಳು.

ಮರುದಿನ ಬೊಮ್ಮಿ ನೆಲ್ಲಿಕಾಯಿ ಆರಿಸಲು ಹಡ್ಲಿನಾಚೆಯ ಇಳಿಜಾರಿಗೆ ಹೋದಳು. ಗಾಳಿಗೆ ಬಿದಿರಿಗೆ ಬಿದಿರು ಉಜ್ಜಿತು. ಬೆಂಕಿ ಎದ್ದು, ಕಾಡಿನ ಅಂಚಿಗೆ ಬಂದು, ಎಂದಿನಂತೆ ಕೇಳಿತು.

"ಒಳಗೆ ಯಾರಿದ್ದೀರಿ?"

ನೆಲ ಉತ್ತರ ಕೊಡಲು ನೋಡಿತು. ಗಂಟಲು ಒಣಗಿತ್ತು. ಸ್ವರ ಹೊರಡಲಿಲ್ಲ.

ಬೆಂಕಿ ಇನ್ನೊಮ್ಮೆ ಕೇಳಿತು. ಯಾರೂ ಓಗೊಡಲಿಲ್ಲ. ಯಾರೂ ಇಲ್ಲವೆಂದುಕೊಂಡು ಒಳಗೆ ಬಂತು.

ಹೊಗೆ ಕಂಡು ಕೇತಿ ಅಕ್ಕನನ್ನು ಕೂಗುತ್ತಾ ಬೆಟ್ಟ ಹತ್ತಿ ಓಡಿದಳು. ಹಡ್ಲಿನ ಆಚೆ ಬೊಮ್ಮಿ ಬರುತ್ತಿದ್ದಳು, ಕಾಲೆಳೆಯುತ್ತಾ, ಆದಷ್ಟು ಬೇಗ. ಅವಳ ಹಿಂದೆ ಬೆಂಕಿ ಹುಲ್ಲಿನಿಂದ ಹುಲ್ಲಿಗೆ ನೆಗೆಯುತ್ತಿತ್ತು. ಬೊಮ್ಮಿ ಅಲ್ಲಿಂದಲೇ ಕೈ ಬೀಸಿ, ಇತ್ತ ಬರಬೇಡ, ತಗ್ಗಿಗೆ ಇಳಿ ಎಂದು ಕೂಗಿದಳು. ಆಮೇಲೆ ಹೊಗೆ ಅವಳನ್ನು ಮುಚ್ಚಿತು.

ಹಡ್ಲಿನ ನಟ್ಟನಡುವೆ ಒಬ್ಬರು ಮಲಗುವಷ್ಟು ಜಾಗದಲ್ಲಿ ಕೆಸರು ಉಳಿದಿತ್ತು. ಕೇತಿ ಅದರಲ್ಲಿ ಬಿದ್ದು ಮುಖ ಹುದುಗಿಸಿದಳು. ಬೆಂಕಿ ಅವಳ ಸುತ್ತ ಬಂದು ಕೇಳಿತು. "ನಾನಿದ್ದೇನೆ" ಎಂದಿತು ಕೆಸರು, ಅವಳ ಕಿವಿಯ ಹತ್ತಿರವೇ. ಬೆಂಕಿ ಸರಿದುಹೋಯಿತು.

ಬೆಟ್ಟ ಬೂದಿಯಾದ ಮೇಲೆ ಕೇತಿ ಅಕ್ಕನನ್ನು ಹುಡುಕಿ ಮಣ್ಣು ಮಾಡಿದಳು. ಒಂದು ಮೋಟುಮರದಲ್ಲಿ ಬೆಂಕಿ ಇನ್ನೂ ಮಿಣುಕುತ್ತಿತ್ತು. ಯಾಕೆ ಬಂದೆ ಎಂದು ಕೇಳಿದಳು. ತಾನು ಕೇಳಿಯೇ ಬಂದೆ, ಯಾರಾದರೂ ಒಂದು ಮಾತು ಆಡಿದ್ದರೆ ಹೊರಟುಹೋಗುತ್ತಿದ್ದೆ ಎಂದಿತು ಬೆಂಕಿ. ಅದಕ್ಕೆ ಬೊಮ್ಮಿಯ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಕೇತಿ ಬೈಯಬೇಕೆಂದರೆ ತನ್ನ ಹೊರತು ಬೇರೆ ಯಾರೂ ಉಳಿಯಲಿಲ್ಲ.

ಅವಳು ಬರಿಗೈಯಲ್ಲೇ ಮಣ್ಣೆಳೆದು ಕಾಲುವೆ ಮುಚ್ಚಿದಳು. ಉಗುರು ಕಿತ್ತು ರಕ್ತ ಬಂತು. ಆಮೇಲೆ ಕೆಸರಿಗೆ ಕಿವಿಯಿಟ್ಟು ಮಲಗಿದಳು.

"ಮಗಳೇ," ಎಂದಿತು ನೆಲ, ತನ್ನಲ್ಲಿ ಉಳಿದಿದ್ದ ಅಷ್ಟೇ ಅಷ್ಟು ನೀರಿನಲ್ಲಿ. "ಇನ್ನು ಮೇಲೆ ಗಂಟಲು ಒಣಗಿದ ದಿನ ನಾನು ಬಾಯಿ ತೆರೆದಿಡುತ್ತೇನೆ. ಬೆಂಕಿಗೆ ಅದು ಕೇಳಿಸುವುದಿಲ್ಲ. ನಿಮಗಾದರೂ ಕಾಣಲಿ."

ಅದಕ್ಕೇ ಕಂದಾ, ಮಳೆ ದೂರವಾದ ಬೇಸಿಗೆಯಲ್ಲಿ ನೆಲ ಬಿರಿದು ಉದ್ದಕ್ಕೂ ಬಾಯಿ ಬಿಟ್ಟುಕೊಂಡಿರುತ್ತದೆ: ಬೆಂಕಿಗೆ ಉತ್ತರ ಹೇಳಲು ನೋಡುತ್ತಿರುತ್ತದೆ, ಸ್ವರ ಮಾತ್ರ ಬರುವುದಿಲ್ಲ.