ಗುಂಡುಕಲ್ಲನ್ನು ನಂಬಿದ ಪೈಲ್ವಾನ

"ವಸ್ತಾದರೇ, ಮಣ್ಣಿನಲ್ಲಿ ಸೆಣಸುವವನು ಕಲ್ಲನ್ನೂ ಎತ್ತಬೇಕೇ?" ಎಂದು ದೇವೀರ ಕೇಳಿದ.

ಗರಡಿಯ ಗುರು ಕೆಂಚಪ್ಪ ವಸ್ತಾದರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈ ಪ್ರಶ್ನೆ ನಿನ್ನದೋ, ಯಾರಾದರೂ ಹೇಳಿಕೊಟ್ಟದ್ದೋ?" ಎಂದರು.

"ನನ್ನದೇ. ಪೇಟೆಯ ಗರಡಿಯವರು ಗುಂಡುಕಲ್ಲು ಎತ್ತುತ್ತಾರಂತೆ, ಕಬ್ಬಿಣ ಎತ್ತುತ್ತಾರಂತೆ. ಎತ್ತಿದರೆ ಬಲ ಬರುತ್ತದೆ ಎನ್ನುವವರಿದ್ದಾರೆ. ಮೈ ಬಿಗಿದುಕೊಂಡು ಪಟ್ಟು ಮರೆತುಹೋಗುತ್ತದೆ ಎನ್ನುವವರೂ ಇದ್ದಾರೆ. ನನ್ನ ಕುಸ್ತಿ ಹತ್ತಿರ ಬಂತು. ಯಾರ ಮಾತು ಕೇಳಲಿ?"

"ಯಾರ ಮಾತನ್ನೂ ಕೇಳಬೇಡ. ಕತೆ ಕೇಳು," ಎಂದು ವಸ್ತಾದರು ಹೇಳತೊಡಗಿದರು.

ಒಂದು ಊರಿನ ಗರಡಿಯಲ್ಲಿ ಒಬ್ಬ ನೇಕಾರನೂ ಒಬ್ಬ ಗಾಣಿಗನೂ ಜೋಡಿಯಾಗಿ ಸಾಮು ಮಾಡುತ್ತಿದ್ದರು. ಇಬ್ಬರದೂ ಸಮಬಲ. ಇಂದು ಇವನು ಬಿದ್ದರೆ ನಾಳೆ ಅವನು. ಆ ಗರಡಿಯಲ್ಲಿ ಒಂದು ಕಟ್ಟುಪಾಡು ಇತ್ತು. ಪಟ್ಟನ್ನು ಬಾಯಲ್ಲಿ ಹೇಳಿಕೊಡಬಾರದು, ಮೈಯಲ್ಲೇ ತೋರಿಸಬೇಕು. ಹೇಳಿದ ಪಟ್ಟು ತಲೆಗೆ ಹೋಗುತ್ತದೆ, ಕಾಲಿಗೆ ಇಳಿಯುವುದಿಲ್ಲ ಎಂದು ಹಿರಿಯರ ಮಾತು.

ಆ ಊರಿಗೆ ಪರಸ್ಥಳದ ಜಟ್ಟಿಯೊಬ್ಬ ಬಂದು ಪಂಥ ಕಟ್ಟಿದ. ಮೂರು ತಿಂಗಳ ಮೇಲೆ ಬರುವ ಹುಣ್ಣಿಮೆಯ ದಿನ ತನ್ನನ್ನು ಕೆಡವಬೇಕು, ಇಲ್ಲದಿದ್ದರೆ ಗರಡಿಯ ಗದೆ ತನ್ನದು ಎಂದ. ಗದೆ ಹೋದ ಗರಡಿಗೆ ಆಮೇಲೆ ಯಾರೂ ಮಕ್ಕಳನ್ನು ಕಳಿಸುವುದಿಲ್ಲ. ಬಾಗಿಲು ಹಾಕಿದಂತೆಯೇ. ಊರವರು ವಯಸ್ಸಿನಲ್ಲಿ ಹಿರಿಯನೆಂದು ನೇಕಾರನನ್ನು ಆರಿಸಿದರು.

ಕೆಲವು ದಿನ ಕಳೆದ ಮೇಲೆ ಗಾಣಿಗ ಬೀಳತೊಡಗಿದ. ನೇಕಾರ ಒತ್ತಿದರೆ ಹಿಂದೆ ಸರಿಯುತ್ತಿದ್ದ, ಮೈ ಸಡಿಲ ಬಿಡುತ್ತಿದ್ದ, ಕಾಲನ್ನು ಎಲ್ಲಿಗೋ ಹಾಕಲು ಹೋಗಿ ದೊಪ್ಪನೆ ಬೀಳುತ್ತಿದ್ದ. ನೇಕಾರನಿಗೆ ಮೊದಲು ಖುಷಿಯಾಯಿತು. ಆಮೇಲೆ ಯೋಚನೆ ಹತ್ತಿತು. ಮೊನ್ನೆಯವರೆಗೆ ಗೋಡೆಯ ಹಾಗೆ ನಿಲ್ಲುತ್ತಿದ್ದವನು ಈಗ ಯಾಕೆ ಬೀಳುತ್ತಾನೆ?

ಗರಡಿಯ ಜಗಲಿಯಲ್ಲಿ ಕೂತವರು ಸುಮ್ಮನಿರುತ್ತಾರೆಯೇ? ಮಣ್ಣು ಮುಟ್ಟದವರಿಗೇ ಬಾಯಿ ಜಾಸ್ತಿ. ಅವರಲ್ಲಿ ಒಬ್ಬ ವ್ಯಾಪಾರಿ ನೇಕಾರನ ತಲೆಯಲ್ಲಿ ಹುಳ ಬಿಟ್ಟ. "ಬೇಕೂಂತ್ಲೇ ಬೀಳ್ತಾವ್ನೆ ಕಣಪ್ಪ. ನಿನ್ನ ಆರಿಸಿದ್ದು ಅವನಿಗೆ ಹೊಟ್ಟೆ ಉರಿ. ಗೆದ್ದೆ ಗೆದ್ದೆ ಅಂತ ನೀನು ಮೈ ಮರೀಲಿ, ಹುಣ್ಣಿಮೆ ದಿನ ಮಣ್ಣು ಮುಕ್ಲಿ ಅಂತ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಂದಿನಿಂದ ಗಾಣಿಗ ನಕ್ಕರೆ ಕುಹಕ ಎನಿಸಿತು, ಸುಮ್ಮನಿದ್ದರೆ ಸಂಚು ಎನಿಸಿತು. ಸಾಮು ಮುಗಿದ ಮೇಲೆ ಗಾಣಿಗ ತಂದುಕೊಡುತ್ತಿದ್ದ ಬಾದಾಮಿ ಹಾಲನ್ನು ನೇಕಾರ ಅವನ ಕಣ್ಣೆದುರಿಗೇ ಬೆಕ್ಕಿಗೆ ಹಾಕಿ ನೋಡಿದ. ಬೆಕ್ಕು ಕುಡಿದು, ಮೂತಿ ನೆಕ್ಕಿಕೊಂಡು, ಇನ್ನಷ್ಟು ಬೇಕೆಂದು ಕೂತಿತು. ಆದರೂ ಅನುಮಾನ ಹೋಗಲಿಲ್ಲ. ನಿಧಾನವಾಗಿ ಏರುವ ವಿಷವಿರಬಹುದು ಎಂದುಕೊಂಡ.

ಗರಡಿಯ ಬಾಗಿಲಲ್ಲಿ ಒಂದು ಗುಂಡುಕಲ್ಲು ಇತ್ತು. ಇದಕ್ಕೆ ಹೊಟ್ಟೆಕಿಚ್ಚಿಲ್ಲ, ಇದು ಬೇಕೆಂದು ಬೀಳುವುದಿಲ್ಲ, ಎತ್ತಿದರೆ ಎತ್ತಿದಂತೆ ಎಂದು ನೇಕಾರ ಲೆಕ್ಕ ಹಾಕಿದ. ಜೋಡಿಯನ್ನು ಬಿಟ್ಟು ಕಲ್ಲನ್ನು ಹಿಡಿದ.

ಗಾಣಿಗ ಹುಡುಕಿಕೊಂಡು ಬಂದ. "ಯಾಕಣ್ಣ, ಮಣ್ಣಿಗೆ ಇಳಿಯಲ್ವಾ? ನಮ್ಮ ಕೆಲಸ ಇನ್ನೂ ಮುಗಿದಿಲ್ಲ."

"ನಿನ್ನ ಕೆಲಸ ಏನೂಂತ ನಂಗೊತ್ತು. ದೂರ ನಿಂತ್ಕೊ."

ಗಾಣಿಗ ದೂರ ನಿಂತ. ಅವನಿಗೂ ನೋವಾಯಿತು. ಮತ್ತೆ ಕರೆಯಲು ಬರಲಿಲ್ಲ.

ಕಲ್ಲು ನೇಕಾರನಿಗೆ ಮೋಸ ಮಾಡಲಿಲ್ಲ. ಮೊದಲು ಮೊಣಕಾಲಿನವರೆಗೆ ಬಂತು, ಆಮೇಲೆ ಎದೆಗೆ, ಕೊನೆಗೆ ಹೆಗಲಿಗೆ. ತೋಳು ದಪ್ಪವಾಯಿತು, ಕತ್ತು ಗಟ್ಟಿಯಾಯಿತು. ಅವನಿಗೆ ಬಲ ಬಂದದ್ದು ನಿಜ. ಅದನ್ನು ಇಲ್ಲವೆನ್ನುವವನು ಸುಳ್ಳುಗಾರ.

ಹುಣ್ಣಿಮೆಯ ದಿನ ಜಟ್ಟಿಯೂ ನೇಕಾರನೂ ಕೈ ಕೈ ಹಿಡಿದು ಕುಸ್ತಿಗೆ ಇಳಿದರು. ನೇಕಾರ ಒತ್ತಿದ. ಜಟ್ಟಿ ಹಿಂದೆ ಸರಿದ, ಮೈ ಸಡಿಲ ಬಿಟ್ಟ. ಹೀಗೆ ಸಡಿಲಾದವನು ಬೀಳುತ್ತಾನೆ ಎಂಬುದಷ್ಟೇ ನೇಕಾರನಿಗೆ ಗೊತ್ತಿತ್ತು. ಗಳಿಸಿದ ಬಲವನ್ನೆಲ್ಲ ಹಾಕಿ ನುಗ್ಗಿದ. ಜಟ್ಟಿಯ ಕಾಲು ಒಳಗಿನಿಂದ ಬಂದು ಅವನ ಕಾಲಿಗೆ ಕೊಕ್ಕೆ ಹಾಕಿತು. ನುಗ್ಗಿದ ಬಲವೇ ತಿರುಗಿ ಅವನನ್ನು ಎತ್ತಿ ಹಾಕಿತು. ಚಿತ್ತಾಗಿ ಬಿದ್ದ. ಎಷ್ಟು ಬಲವಿತ್ತೋ ಅಷ್ಟು ಜೋರಾಗಿ ಬಿದ್ದ. ಜಟ್ಟಿ ಗದೆಯನ್ನು ಹೆಗಲಿಗೇರಿಸಿಕೊಂಡು ಹೋದ.

ನೇಕಾರ ಮಣ್ಣಿನಲ್ಲಿ ಎದ್ದು ಕೂತು, ಹತ್ತಿರ ಬಂದ ಗಾಣಿಗನನ್ನು ಕೇಳಿದ. "ಅವನು ಹಿಂಗೇ ಸರೀತಾನೆ ಅಂತ ನಿಂಗೆ ಗೊತ್ತಿತ್ತಾ?"

"ಪಕ್ಕದೂರಿಗೆ ಹೋಗಿ ಅವನ ಕುಸ್ತಿ ನೋಡ್ಕೊಂಡು ಬಂದಿದ್ದೆ ಕಣಣ್ಣ. ನಿಂಗೆ ತೋರ್ಸೋಣ ಅಂತ ಅವನ ಹಂಗೇ ಆಡೋಕೆ ಹೋಗಿ ಬೀಳ್ತಿದ್ದೆ. ಆ ಕಾಲಿನ ಪಟ್ಟು ನಂಗೆ ಕೂಡಿಬರೋ ಹೊತ್ತಿಗೆ ನೀನು ಕಲ್ಲು ಹಿಡ್ಕೊಂಡಿದ್ದೆ."

"ಕಟ್ಟುಪಾಡು ಹಾಳಾಗ್ಲಿ, ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಹಾಲನ್ನೇ ಬೆಕ್ಕಿಗೆ ಹಾಕ್ದೋನು ನನ್ನ ಮಾತು ನಂಬ್ತಿದ್ಯಾ?"

ಆ ಗರಡಿಯಲ್ಲಿ ಈಗ ಹುಲ್ಲು ಒಟ್ಟುತ್ತಾರೆ.

ವಸ್ತಾದರು ಕತೆ ನಿಲ್ಲಿಸಿದರು.

"ಹಾಗಾದರೆ ಕಲ್ಲು ಎತ್ತಬಾರದು ಎಂದಾಯಿತು," ಎಂದ ದೇವೀರ.

ವಸ್ತಾದರಿಗೆ ರೇಗಿತು. "ಪಾಪ, ಕಲ್ಲು ಏನು ಮಾಡಿತು? ಆ ನೇಕಾರ ಕಲ್ಲನ್ನೂ ಎತ್ತಿ ಮಣ್ಣಿಗೂ ಇಳಿದಿದ್ದರೆ ಗದೆ ಉಳಿಯುತ್ತಿತ್ತು. ನಾಳೆಯಿಂದ ನೀನೂ ಎತ್ತು. ಜೋಡಿಯ ಜೊತೆ ಸಾಮು ಮುಗಿಸಿ ಆಮೇಲೆ ಎತ್ತು."

ದೇವೀರ ಸಮಾಧಾನದಿಂದ ಕೈ ಮುಗಿದು ಎದ್ದ.

"ಅಪ್ಪಣೆ ಸಿಕ್ಕಿತಲ್ಲ, ಇನ್ನು ನಿಜ ಹೇಳು," ಎಂದರು ವಸ್ತಾದರು. "ಇಲ್ಲಿಯ ಸಾಮು ಸಾಲದೆಂದು ನಿನಗೆ ಅನಿಸಿದೆ. ನಿನ್ನ ಅನುಮಾನ ನಿನ್ನ ಜೋಡಿಯ ಮೇಲೋ, ನನ್ನ ಮೇಲೋ?"

ಎದ್ದಿದ್ದ ದೇವೀರ ಮತ್ತೆ ವಸ್ತಾದರ ಎದುರು ಕೂತ.