ಏಳರಲ್ಲಿ ನಿಂತ ಮುಳ್ಳು

“ಗುರುಗಳೇ, ಹೊಟ್ಟೆಕಿಚ್ಚು ಪಟ್ಟರೆ ಸುಡುವುದು ಪಡುವವನ ಹೊಟ್ಟೆ ಮಾತ್ರ ತಾನೇ? ಅದರಿಂದ ಬೇರೆಯವರಿಗೇನು ನಷ್ಟ?” ಎಂದು ಷಡಕ್ಷರಿ ಕೇಳಿದ.

ಹಿಂದಿನ ದಿನ ಗುರುಗಳು ಅವನ ಜೊತೆಯ ಶಿಷ್ಯ ನಿಂಗರಾಜನನ್ನು ಎಲ್ಲರೆದುರು ಮೆಚ್ಚಿದ್ದರು. ಆಮೇಲೆ ಷಡಕ್ಷರಿ ಊಟದ ಪಂಕ್ತಿಗೆ ಬಂದಿರಲಿಲ್ಲ. ಗುರುಗಳಿಗೆ ಅದು ಗೊತ್ತಿತ್ತು. ಸನ್ಯಾಸಕ್ಕೆ ಮುಂಚೆ ಅವರು ರೇಡಿಯೊ ರಿಪೇರಿ ಮಾಡುತ್ತಿದ್ದವರು. ಒಂದು ಕತೆ ಹೇಳಿದರು.

ಕಡಲ ತಡಿಯ ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನಿಗೆ ಹ್ಯಾಮ್ ರೇಡಿಯೊದ ಹವ್ಯಾಸ. ಲೈಸೆನ್ಸು ಪಡೆದು, ಅಂಗಡಿಯ ಮೂಲೆಯಲ್ಲೇ ಸೆಟ್ಟು ಇಟ್ಟು, ಮಾಡಿನ ಮೇಲೆ ತಂತಿ ಕಟ್ಟಿದ್ದ. ಹತ್ತಾರು ಊರುಗಳ ಹವ್ಯಾಸಿಗಳು ಪ್ರತಿದಿನ ಬೆಳಗ್ಗೆ ಇಂಥ ಸೆಟ್ಟುಗಳಲ್ಲಿ ಒಟ್ಟುಗೂಡಿ ಮಾತಾಡುತ್ತಿದ್ದರು. ಒಬ್ಬರ ದನಿ ಇನ್ನೊಬ್ಬರಿಗೆ ಎಷ್ಟು ಬಲವಾಗಿ ತಲುಪಿತು ಎಂದು ತಿಳಿಸುವುದು ಅವರಲ್ಲಿ ಪದ್ಧತಿ. ಸೆಟ್ಟಿನ ಮೀಟರಿನ ಮುಳ್ಳು ಒಂದರಲ್ಲಿದ್ದರೆ ದನಿ ಕ್ಷೀಣ, ಒಂಬತ್ತಕ್ಕೆ ಹೋದರೆ ಬಲು ಜೋರು.

ಕಡಲ ನಡುವಿನ ದ್ವೀಪದಲ್ಲಿ ದೀಪಸ್ತಂಭದ ಕಾವಲುಗಾರನೊಬ್ಬ ಹೆಂಡತಿಯೊಡನೆ ಇದ್ದ. ಅವನ ಸೆಟ್ಟು ನಡೆಯುತ್ತಿದ್ದುದು ಸೋಲಾರ್ ಬ್ಯಾಟರಿಯ ಮೇಲೆ. ಅವನ ದನಿಯನ್ನು ಹಿಡಿಯಬಲ್ಲವನು ಗಡಿಯಾರದವನೊಬ್ಬನೇ. “ಕಿವಿ ಅಂದ್ರೆ ಗಡಿಯಾರದಣ್ಣಂದು” ಎಂದು ಬಳಗ ಹೇಳುತ್ತಿತ್ತು. ಆ ಒಂದು ಮಾತಿನ ಮೇಲೆ ಗಡಿಯಾರದವನ ದಿನಗಳು ನಡೆಯುತ್ತಿದ್ದವು.

ಎರಡು ಬೀದಿಯಾಚೆಯ ದರ್ಜಿಯೊಬ್ಬ ಅದೇ ಬಗೆಯ ಸೆಟ್ಟು ಕೊಂಡ. ತಿಂಗಳೊಳಗೆ ದ್ವೀಪದ ದನಿ ಅವನಿಗೂ ಸಿಕ್ಕಿತು. ಒಂದು ಬೆಳಗ್ಗೆ, ಗಡಿಯಾರದವನಿಗೆ ತಪ್ಪಿಹೋದ ಮಾತನ್ನು ದರ್ಜಿ ಹಿಡಿದು ಹೇಳಿದ.

“ಅಣ್ಣಾ, ನಿಮಗೂ ವಯಸ್ಸಾಯ್ತು ನೋಡಿ!” ಎಂದು ಬಳಗದವರು ನಕ್ಕರು. ಗಡಿಯಾರದವನೂ ನಕ್ಕ. ಆ ದಿನ ಅವನು ಮೂರು ಗಡಿಯಾರ ಬಿಚ್ಚಿದ. ಒಂದನ್ನೂ ಜೋಡಿಸಲಿಲ್ಲ.

ಮರುದಿನ ಅಂಗಿ ಹೊಲಿಸುವ ನೆಪದಲ್ಲಿ ದರ್ಜಿಯ ಮನೆಗೆ ಹೋದ. ಅಳತೆ ಕೊಡುತ್ತಾ ಸೆಟ್ಟನ್ನೇ ನೋಡಿದ. ಆಗ ಯಾರೂ ಮಾತಾಡುತ್ತಿರಲಿಲ್ಲ. ಆದರೂ ಮುಳ್ಳು ಏಳರಲ್ಲಿ ನಿಂತಿತ್ತು. ಸ್ಪೀಕರಿನಲ್ಲಿ ಗದ್ದಲವೂ ಇರಲಿಲ್ಲ. ತನ್ನ ಸೆಟ್ಟಿನಲ್ಲಾದರೆ ಸುಮ್ಮನಿದ್ದಾಗ ಮುಳ್ಳು ಒಂದನ್ನು ದಾಟುವುದಿಲ್ಲ, ಸ್ಪೀಕರು ಸದಾ ಸುಯ್ಗುಡುತ್ತದೆ. ಯಾರೂ ಇಲ್ಲದಾಗಲೇ ಏಳಾದರೆ, ದನಿ ಬಂದಾಗ ಎಷ್ಟಾದೀತು! ಏನು ಮಾಡಿಕೊಂಡಿದ್ದಾನೆ ಇವನು? ಬಾಯಿಬಿಟ್ಟು ಕೇಳಿದ್ದರೆ ದರ್ಜಿ ಹೇಳುತ್ತಿದ್ದ. ಆದರೆ ನಿನ್ನೆ ಮೊನ್ನೆ ಬಂದವನನ್ನು ಕೇಳಲು ಅವನ ನಾಲಿಗೆ ಹೊರಳಲಿಲ್ಲ.

ಅಂಗಡಿಗೆ ಬಂದು ಸೆಟ್ಟಿನ ಮುಚ್ಚಳ ಬಿಚ್ಚಿದ. ಮುಳ್ಳನ್ನು ಸೊನ್ನೆಗೆ ಹೊಂದಿಸಲು ಒಳಗೊಂದು ಚಿಕ್ಕ ತಿರುಪು ಇರುತ್ತದೆ. ಅದನ್ನು ತಿರುಗಿಸಿದ. ಮುಳ್ಳು ಏರಿ ಏಳರಲ್ಲಿ ನಿಂತಿತು. ಗದ್ದಲ ಹೋಗಲಿಲ್ಲ. ಸ್ಪೀಕರಿನ ಸದ್ದು ತಗ್ಗಿಸಿದ. ಗದ್ದಲವೂ ಹೋಯಿತು. ಈಗ ನೋಡುವುದಕ್ಕೆ ದರ್ಜಿಯ ಸೆಟ್ಟಿಗೂ ಅವನದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆ ದಿನ ಹೊಟ್ಟೆತುಂಬ ಉಂಡ.

ಮರುದಿನ ಬೆಳಗ್ಗೆ ದ್ವೀಪದ ಕಾವಲುಗಾರ ಕರೆದ. “ಹೆಂಡತಿಗೆ ವಿಪರೀತ ಜ್ವರ. ಮೋಡ ಮುಚ್ಚಿ ಮೂರು ದಿನವಾಯ್ತು, ಬ್ಯಾಟರಿ ಚಾರ್ಜ್ ಆಗ್ತಿಲ್ಲ. ನನ್ನ ದನಿ ಎಷ್ಟು ಬರ್ತಿದೆ, ಹೇಳಿ.”

“ಎರಡು. ಕಷ್ಟಪಟ್ಟು ಕೇಳಬೇಕು” ಎಂದ ದರ್ಜಿ.

ಗಡಿಯಾರದವನ ಕಿವಿಯೂ ಎರಡೇ ಎಂದಿತು. ಮುಳ್ಳು ಒಂಬತ್ತು ಎಂದಿತು. ತಿರುಪು ತಿರುಗಿಸಿದ್ದು ಅವನಿಗೆ ಮರೆತಿರಲಿಲ್ಲ. ಆದರೆ ದರ್ಜಿ ಕೇಳುತ್ತಿದ್ದ, ಬಳಗವೆಲ್ಲ ಕೇಳುತ್ತಿತ್ತು.

“ನನಗೆ ಒಂಬತ್ತು! ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ.”

“ಬದುಕಿದೆ ಅಣ್ಣಾ! ಹಾಗಾದ್ರೆ ಪವರ್ ಇಳಿಸ್ತೀನಿ, ಬ್ಯಾಟರಿ ಉಳಿಯುತ್ತೆ. ಅವಳಿಗೆ ಜಾಸ್ತಿಯಾದ್ರೆ ನಿಮ್ಮನ್ನೇ ಕರೀತೀನಿ.”

“ಕರಿ, ಕರಿ. ನಾನೆಲ್ಲಿಗೆ ಹೋಗ್ತೀನಿ? ಇಲ್ಲೇ ಇರ್ತೀನಿ.”

ದರ್ಜಿ ಮತ್ತೆ ಮಾತಾಡಲಿಲ್ಲ. ಅವನ ಮೌನ ಗಡಿಯಾರದವನಿಗೆ ಸಿಹಿಯಾಗಿತ್ತು.

ಇಡೀ ದಿನ ಸೆಟ್ಟಿನ ಮುಂದೆಯೇ ಕೂತಿದ್ದ. ಸದ್ದು ತಗ್ಗಿಸಿದ ಸ್ಪೀಕರಿನಲ್ಲಿ ಯಾವ ಕರೆಯೂ ಕೇಳಿಸಲಿಲ್ಲ. ಸಂಜೆ ನಾಲ್ಕಕ್ಕೆ ದರ್ಜಿಯ ದನಿ ಎದ್ದಿತು.

“ದ್ವೀಪ, ದ್ವೀಪ, ಇನ್ನೊಂದ್ಸಲ ಹೇಳಿ. ದೋಣಿ ಅಂದಿರಾ?” ಆಮೇಲೆ ಏನೂ ಇಲ್ಲ. “ಪ್ರಜ್ಞೆ ಇಲ್ವಾ? ಎಷ್ಟು ಹೊತ್ತಾಯ್ತು?” ಮತ್ತೆ ಏನೂ ಇಲ್ಲ.

ಗಡಿಯಾರದವನ ಮೈಯೆಲ್ಲ ಉರಿಯಿತು. ತನಗೆ ಕೇಳದ್ದು ಇವನಿಗೆ ಕೇಳುತ್ತಿದೆ! ಅಂಗಡಿಯನ್ನು ತೆರೆದೇ ಬಿಟ್ಟು ದರ್ಜಿಯ ಮನೆಗೆ ಓಡಿದ.

ದರ್ಜಿ ಹೆಡ್‌ಫೋನನ್ನು ಎರಡೂ ಕಿವಿಗೆ ಒತ್ತಿಹಿಡಿದು, ಕಣ್ಣು ಮುಚ್ಚಿ ಕೂತಿದ್ದ. ಮುಳ್ಳು ಸೊನ್ನೆಯಲ್ಲಿತ್ತು.

“ಏನೋ ಇದು? ನಿನ್ನ ಮುಳ್ಳು ಏಳರಲ್ಲಿತ್ತಲ್ಲ!”

“ಅದಾ? ಅವತ್ತು ಪಕ್ಕದ ಹಿಟ್ಟಿನ ಗಿರಣಿ ಓಡ್ತಿತ್ತಣ್ಣ. ಸೆಟ್ಟಿನೊಳಗೆ ಅದರ ಗದ್ದಲ ತಡೀಲಾರದೆ, ದನಿ ಹಿಡಿಯೋ ಗೇನ್ ಗುಂಡಿ ಇಳಿಸಿದ್ದೆ. ಗೇನ್ ಇಳಿಸಿದ್ರೆ ಸೆಟ್ಟು ಕಿವುಡಾಗುತ್ತೆ, ಮುಳ್ಳು ಮಾತ್ರ ಮೇಲೇರಿ ನಿಲ್ಲುತ್ತೆ. ಈಗ ಪೂರ್ತಿ ತೆರೆದಿದ್ದೀನಿ.” ದರ್ಜಿ ಹೆಡ್‌ಫೋನು ತೆಗೆದು ಎದ್ದ. “ಹೊಲಿದ ಬಟ್ಟೆ ಕೊಡಲು ಹೋಗಿದ್ದೆ, ಈಗಷ್ಟೇ ಬಂದೆ. ಅವರು ಮಧ್ಯಾಹ್ನ ಹನ್ನೆರಡರಿಂದ ನಿಮ್ಮನ್ನೇ ಕರೀತಿದ್ರಂತೆ. ಒಂಬತ್ತು ಕೇಳುವವರು ಉತ್ತರ ಕೊಡ್ತಿಲ್ಲ ಅಂದ್ರೆ ಊಟಕ್ಕೆ ಹೋಗಿರಬೇಕು ಅಂತ ಕಾದ್ರಂತೆ. ಈಗ ಬ್ಯಾಟರಿಯೂ ಮುಗೀತು. ದಾರಿ ಬಿಡಿ, ಬಂದರಿಗೆ ಓಡಬೇಕು.”

ಗಡಿಯಾರದವನ ಅಂಗಡಿಯ ಹತ್ತಿರ ಗಿರಣಿ ಇರಲಿಲ್ಲ. ಸೆಟ್ಟು ಕೊಂಡ ದಿನದಿಂದ ಅವನು ಗೇನ್ ಇಳಿಸಿಯೇ ಇರಲಿಲ್ಲ. ದರ್ಜಿಯ ಮನೆಯಲ್ಲಿ ಅವನು ಕರುಬಿದ್ದು ಸೆಟ್ಟಿನ ಕಿವುಡುತನವನ್ನು ಕಂಡು. ಅದು ಈಗ ಅವನಿಗೆ ತಿಳಿಯಿತು. ದರ್ಜಿ ಬೀದಿಯ ತಿರುವು ದಾಟಿ ಓಡುವವರೆಗೂ ಅವನು ಆ ಸೊನ್ನೆಯನ್ನೇ ನೋಡುತ್ತಾ ನಿಂತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಷಡಕ್ಷರಿ “ಗುರುಗಳೇ, ಅವತ್ತಿನಿಂದ ಬಳಗದವರು ಯಾರ ಕಿವಿಯನ್ನು ಹೊಗಳಿದರು?” ಎಂದು ಕೇಳಿದ.

ಗುರುಗಳು ಹೇಳಿದರು: “ಆ ಹೆಂಗಸು ಉಳಿದಳೇ ಎಂದು ನೀನೂ ಕೇಳಲಿಲ್ಲ.”